ಹ್ಯಾಂಡಲ್ ದೇವರ ಕೋಣೆಯಲ್ಲಿದ್ದ ದಿನ

ಇಂಥ ಅನುಭವಗಳನ್ನು ಬೇರೆಯವರು ಬರೆದಾಗ ನಾನು ಮೊದಲು ಹುಡುಕುತ್ತಿದ್ದುದು, ಅದು ನಡೆದು ಎಷ್ಟು ವರ್ಷವಾಯಿತು ಎಂಬುದನ್ನು. ಹತ್ತು ವರ್ಷ ದಾಟಿದ್ದರೆ ಪುಟ ತಿರುಗಿಸಿಬಿಡುತ್ತಿದ್ದೆ. ಮನುಷ್ಯ ತನ್ನ ನೆನಪನ್ನು ಪ್ರತಿಸಲ ಹೊರತೆಗೆದಾಗಲೂ ಅದಕ್ಕೆ ಸ್ವಲ್ಪ ಬಣ್ಣ ಬಳಿದು ಒಳಗಿಡುತ್ತಾನೆ ಎಂದು ನಂಬಿದವನು ನಾನು. ಈಗಲೂ ಹಾಗೇ ನಂಬಿದ್ದೇನೆ. ಹಾಗಿದ್ದೂ ಮೂವತ್ತು ವರ್ಷಕ್ಕೂ ಹಳೆಯದಾದ ಒಂದು ಮಧ್ಯಾಹ್ನದ ಬಗ್ಗೆ ಬರೆಯಲು ಕೂತಿದ್ದೇನೆ. ಓದುಗರು ಪುಟ ತಿರುಗಿಸಿದರೆ ನನ್ನ ತಕರಾರಿಲ್ಲ.

ಕೊಡಗು ಆಗಿನ್ನೂ ಬೇರೆಯೇ ರಾಜ್ಯ. ಮೈಸೂರಿಗೆ ಸೇರಬೇಕೇ ಬೇಡವೇ ಎಂದು ಮಡಿಕೇರಿಯ ಹೋಟೆಲುಗಳಲ್ಲಿ ಜನ ಕಾಫಿ ಆರುವವರೆಗೆ ಜಗಳವಾಡುತ್ತಿದ್ದ ಕಾಲ. ನಾನು ಮದ್ರಾಸಿನಲ್ಲಿ ಬಿ.ಎ. ಮುಗಿಸಿ, ಮಾಸ್ತರಿಕೆಯ ಆರ್ಡರಿಗೆ ಕಾಯುತ್ತಾ, ಸಂಪಾಜೆ ರಸ್ತೆಯ ಬದಿಯಲ್ಲಿದ್ದ ಅಕ್ಕನ ಮನೆಯಲ್ಲಿ ಇದ್ದೆ. ಮನೆಯಲ್ಲಿ ಅಕ್ಕ, ಅವಳ ಗಂಡ ಬೆಳ್ಯಪ್ಪ ಭಾವ, ಭಾವನ ತಾಯಿ, ಇಷ್ಟೇ ಜನ. ಭಾವನ ತಾಯಿಯನ್ನು ನಾನು ಅತ್ತೆ ಎನ್ನುತ್ತಿದ್ದೆ. ಅವರಿಗೆ ಕಿವಿ ಅಷ್ಟಕ್ಕಷ್ಟೆ.

ಭಾವ ಯುದ್ಧದಲ್ಲಿ ಮಿಲಿಟರಿ ಲಾರಿಗಳ ಮೆಕ್ಯಾನಿಕ್ ಆಗಿದ್ದವರು. ಬರ್ಮಾ ಗಡಿಯಿಂದ ಮರಳಿ ಬಂದಾಗ ಮೈಮೇಲೆ ಒಂದು ಗೀರೂ ಇರಲಿಲ್ಲವಂತೆ. ಆದರೆ ಅವರಿಗೆ ಇಲ್ಲದ ಎಂಜಿನ್‌ಗಳ ಸದ್ದು ಕೇಳಿಸುತ್ತಿತ್ತು. ಊಟಕ್ಕೆ ಕೂತಾಗ, ಗದ್ದೆಯಲ್ಲಿ ಪೈರು ನೋಡುತ್ತಾ ನಿಂತಾಗ, ಎಲ್ಲೋ ಲಾರಿಗಳ ಸಾಲೊಂದು ಏರು ಹತ್ತುವ ಸದ್ದು. ಕೇಳಿದಾಗೆಲ್ಲ ತಲೆ ಎತ್ತಿ ಅಕ್ಕನ ಮುಖ ನೋಡುತ್ತಿದ್ದರು. ಅವಳ ಮುಖ ಹಾಗೇ ಇದ್ದರೆ ಸದ್ದು ಸುಳ್ಳೆಂದು ತಿಳಿದು ಮತ್ತೆ ತಲೆ ತಗ್ಗಿಸುತ್ತಿದ್ದರು. ಕಿವಿಯಿಂದಲೇ ಕೆಲಸ ಮಾಡುವ ಮನುಷ್ಯನಿಗೆ ಇದು ಎಂಥ ಶಿಕ್ಷೆ ಎಂದು ನೀವೇ ಯೋಚಿಸಿ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್‌ಗೆ ಒತ್ತಿ, ಮರದ ಹಿಡಿಯನ್ನು ಕಿವಿಗಿಟ್ಟು, ಒಳಗೆ ಯಾವ ವಾಲ್ವ್ ಹೇಗೆ ಕೂತಿದೆ ಎಂದು ಹೇಳಬಲ್ಲವರಾಗಿದ್ದರು ಅವರು. ಊರಿಗೆ ಬಂದ ಮೇಲೆ ಏಳೆಂಟು ವರ್ಷ ಒಂದು ಬಾನೆಟ್ಟನ್ನೂ ಎತ್ತಿರಲಿಲ್ಲ.

ಹೀಗಿರುವಾಗ ಮಡಿಕೇರಿ ಹತ್ತಿರದ ಎಸ್ಟೇಟೊಂದು ಇಂಗ್ಲಿಷ್ ದೊರೆಯ ಕೈಯಿಂದ ಊರಿನವರೊಬ್ಬರ ಕೈಗೆ ಬಂತು. ಅಲ್ಲಿಯ ಕಾಫಿ ಸ್ಟೋರಿನ ಹಿಂದೆ, ಹರಿದ ಗೋಣಿಗಳ ಕೆಳಗೆ, ಇಬ್ಬರೇ ಕೂರಬಹುದಾದ ಒಂದು ರೇಸಿನ ಕಾರು ಸಿಕ್ಕಿತು. ಯುದ್ಧ ಶುರುವಾದ ವರ್ಷ ದೊರೆ ಅದನ್ನು ಅಲ್ಲಿ ನಿಲ್ಲಿಸಿ ಹಡಗು ಹತ್ತಿದ್ದನಂತೆ. ಹೊಸ ಯಜಮಾನರು ಭಾವನನ್ನು ಕರೆಸಿ ಹೇಳಿದರು: ಇದನ್ನು ಸರಿ ಮಾಡಿ, ಕೈಲ್ ಮುಹೂರ್ತದ ಹಬ್ಬದ ಮಾರನೇ ದಿನ ನೀನೇ ಓಡಿಸಿಕೊಂಡು ನನ್ನ ಬಂಗಲೆಗೆ ತಂದರೆ, ಎಸ್ಟೇಟಿನ ಲಾರಿ ಜೀಪುಗಳ ಉಸ್ತುವಾರಿಯೆಲ್ಲ ನಿನ್ನದು, ಕೂಲಿಯವರ ಲೈನಿನ ಪಕ್ಕದಲ್ಲಿ ಮನೆಯೂ ನಿನ್ನದು. ಭಾವ ಒಪ್ಪಿಕೊಂಡು ಬಂದ ದಿನ ಅಕ್ಕ ಬಚ್ಚಲಿಗೆ ಹೋಗಿ ಅತ್ತಳು.

ಎರಡು ಜೋಡಿ ಎತ್ತು ಕಟ್ಟಿ ಕಾರನ್ನು ನಮ್ಮಲ್ಲಿಗೆ ಎಳೆತಂದೆವು. ದಾರಿಯುದ್ದಕ್ಕೂ ಜನ.

"ಬೆಳ್ಯಪ್ಪಣ್ಣ, ಇದ್ ಹುಲ್ಲ್ ತಿಂತದಾ, ಹಿಂಡಿ ತಿಂತದಾ?" ಎಂದು ಒಬ್ಬ ಕೂಗಿದ.

"ನಿನ್ನಂಥ ನಾಲ್ಕ್ ಜನರ ತಿಂತದೆ, ಹತ್ರ ಬಾ" ಎಂದರು ಭಾವ. ಅವರು ತಮಾಷೆ ಮಾಡಿದ್ದನ್ನು ನಾನು ಮೊದಲು ಕೇಳಿದ್ದು ಅಂದು.

ಕಣದ ಆಚೆ ಸಮತಟ್ಟಾದ ಜಾಗದಲ್ಲಿ ತಗಡಿನ ಶೆಡ್ಡೊಂದಿತ್ತು. ಕಾರು ಅಲ್ಲಿ ನಿಂತಿತು. ಉದ್ದನೆಯ ಮೂತಿ, ಬಾನೆಟ್ಟಿಗೆ ಚರ್ಮದ ಪಟ್ಟಿ, ಸೈಕಲಿನಂತೆ ಕಡ್ಡಿಗಳಿರುವ ಚಕ್ರಗಳು. ಸೀಟಿನ ಒಳಗೆ ಇಲಿಗೂಡು, ಮೀಟರುಗಳ ಹಿಂದೆ ಕಣಜದ ಹುಳುಗಳ ಮಣ್ಣಿನ ಗೂಡು. ಮೈಯ ಒಳಗಿನ ಮರದ ಚೌಕಟ್ಟನ್ನು ಗೆದ್ದಲು ತಿಂದು ಬರೀ ಬಣ್ಣ ಉಳಿಸಿತ್ತು. ಆಚಾರಿಯನ್ನು ಕರೆಸಿ ಹಲಸಿನ ಮರದಲ್ಲಿ ಹೊಸ ಚೌಕಟ್ಟು ಮಾಡಿಸಿದೆವು. ಪಿಸ್ಟನ್ನುಗಳು ತುಕ್ಕಿಗೆ ಕಚ್ಚಿಕೊಂಡಿದ್ದವು. ಸೀಮೆಎಣ್ಣೆಗೆ ತೆಂಗಿನೆಣ್ಣೆ ಬೆರೆಸಿ ಹತ್ತು ದಿನ ಹೊಯ್ದು ಕಾದ ಮೇಲೆ ಒಂದು ಬೆಳಿಗ್ಗೆ ಹ್ಯಾಂಡಲಿಗೆ ಅವು ಬೆರಳಷ್ಟು ಅಲುಗಿದವು. ಕಿಡಿ ಕೊಡುವ ಮ್ಯಾಗ್ನೆಟೋವನ್ನು ಪಂಚೆಯಲ್ಲಿ ಸುತ್ತಿ ಬಸ್ಸಿನಲ್ಲಿ ಮಂಗಳೂರಿಗೆ ಕೊಂಡೊಯ್ದು ರಿಪೇರಿ ಮಾಡಿಸಿ ತಂದವನು ನಾನು. ಕಾರಿಗೆ ಸೆಲ್ಫ್ ಸ್ಟಾರ್ಟರ್ ಇದ್ದರೂ ಅದು ಪೂರ್ತಿ ಸತ್ತಿತ್ತು. ಮೂತಿಗೆ ಕಬ್ಬಿಣದ ಹ್ಯಾಂಡಲ್ ಹಾಕಿ ತಿರುಗಿಸಿದರೆ ಮಾತ್ರ ಎಂಜಿನ್ ಏಳುತ್ತಿತ್ತು. ಈ ಒಂದು ಸಂಗತಿಯನ್ನು ಓದುಗರು ನೆನಪಿಡಬೇಕು.

ಕೆಲಸ ನಡೆಯುತ್ತಿದ್ದ ಹಾಗೆ ಭಾವ ಬದಲಾದರು. ಒಂದು ಸಂಜೆ ಕೈಗೆ ಬೂದಿ ಹಚ್ಚಿ ಗ್ರೀಸು ತೊಳೆಯುತ್ತಾ, ನನ್ನ ಕಡೆ ನೋಡದೆ ಹೇಳಿದರು: "ಹದಿನೈದ್ ದಿನ ಆತ್. ಒಂದ್ ಸದ್ದೂ ಕೇಳಿತ್ಲೆ. ಇರುವ ಎಂಜಿನ್ ಬಂದದಕ್ಕೆ ಇಲ್ಲದ್ದೆಲ್ಲ ಓಡಿ ಹೋದೊ ಏನೊ."

"ಅದು ಮನಸ್ಸಿನದ್ದು ಭಾವ. ಬೇರೆ ಎಂತ ಇಲ್ಲೆ," ಎಂದೆ. ಮನಶ್ಶಾಸ್ತ್ರದ ಒಂದು ಪುಸ್ತಕ ಓದಿದ್ದ ಗರ್ವ ನನಗೆ.

"ಹೌದು ಬಿ.ಎ. ಸಾಯ್ಬ್ರೇ," ಎಂದು ನಕ್ಕರು.

ಕೈಲ್ ಮುಹೂರ್ತ ನಮ್ಮಲ್ಲಿ ನಾಟಿ ಮುಗಿದ ಮೇಲೆ ಬರುವ ಆಯುಧದ ಹಬ್ಬ. ಕೋವಿ, ಕತ್ತಿಗಳನ್ನು ತೊಳೆದು, ಕೋವಿಹೂ ಎಂಬ ಕಾಡುಹೂವಿಟ್ಟು ಪೂಜಿಸುತ್ತಾರೆ. ಒಂದೊಂದು ಮನೆಯದ್ದು ಒಂದೊಂದು ಕ್ರಮ. ಅಕ್ಕನ ಮನೆಯಲ್ಲಿ ಎರಡು ದಿನ ಮೊದಲೇ ಆಯುಧಗಳು ದೇವರ ಕೋಣೆಗೆ ಹೋಗಬೇಕು. ಒಳಗೆ ಹೋದದ್ದನ್ನು ಪೂಜೆಯಾಗುವವರೆಗೆ ಯಾರೂ ಮುಟ್ಟುವ ಹಾಗಿಲ್ಲ. ಆ ವರ್ಷ ಭಾವನಿಗೆ ತಮ್ಮ ಸ್ಪ್ಯಾನರುಗಳನ್ನೂ ಕೋವಿಯ ಪಕ್ಕದಲ್ಲಿಡುವ ಆಸೆಯಾಯಿತು. ಕೆಲಸ ಮುಗಿದಿತ್ತು ಎಂದೇ ಅವರ ಎಣಿಕೆ. ಬೆಳಿಗ್ಗೆ ಎಲ್ಲವನ್ನೂ ಒರೆಸಿ ಬಾಳೆಲೆಯ ಮೇಲೆ ಸಾಲಾಗಿ ಜೋಡಿಸಿ ಬಂದರು. ಹ್ಯಾಂಡಲೊಂದನ್ನು ಮಾತ್ರ ಉಳಿಸಿಕೊಂಡರು, ಸಂಜೆ ಕೊನೆಯ ಸಲ ಕೇಳಿನೋಡಲು.

ಸಂಜೆ ಎಂಜಿನ್ ಎದ್ದಿತು. ಆದರೆ ತೊದಲಿತು. ಮೂರು ಬಡಿತ ಸರಿ, ನಾಲ್ಕನೆಯದು ಇಲ್ಲ. ಮತ್ತೆ ಮೂರು, ಮತ್ತೆ ಇಲ್ಲ. ಭಾವನ ಮುಖ ಇಳಿಯಿತು. ಬಿಚ್ಚಿ ನೋಡಲು ಸ್ಪ್ಯಾನರ್ ಬೇಕು, ಸ್ಪ್ಯಾನರ್ ದೇವರ ಕೋಣೆಯಲ್ಲಿ. ಅತ್ತೆಯ ಹತ್ತಿರ ಹೋಗಿ ಒಂದೇ ಒಂದನ್ನು ಹೊರಗೆ ತರಲೇ ಎಂದು ಜೋರಾಗಿ ಕೂಗಿ ಕೇಳಿದರು.

"ಕೊಟ್ಟದ್ದರ ತಿರ್ಗಿ ಕೇಳಿಕೆ ನೀ ಎಂತ ಸಣ್ಣ ಮಗುವಾ? ನಿನ್ನ ಕೈಲಿರುದೂ ಕಬ್ಬಿಣವೇ ಅಲ್ಲಾ? ಅದನ್ನೂ ತಾ ಇಲ್ಲಿ," ಎಂದು ಅತ್ತೆ ಹ್ಯಾಂಡಲನ್ನೂ ಕಿತ್ತುಕೊಂಡು ಒಳಗಿಟ್ಟರು.

ಮಾರನೇ ದಿನ ಭಾವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಪೆಟ್ರೋಲನ್ನಾದರೂ ಸೋಸೋಣ ಎಂದು ಟ್ಯಾಂಕಿನದ್ದನ್ನೆಲ್ಲ ಡಬ್ಬಕ್ಕೆ ಇಳಿಸಿದೆವು. ಶೆಡ್ಡಿನ ಬಾಗಿಲಿಗೆ ಹಗ್ಗ ಬಿಗಿದರು, ಬಿಚ್ಚಿದರು, ಮತ್ತೆ ಬಿಗಿದರು. ಊಟವಾದ ಮೇಲೆ ಯಾರಿಗೂ ಹೇಳದೆ ಗದ್ದೆ ಇಳಿದು ಕೆಳಗೆ ಹರಿಯುವ ತೋಡಿನ ಕಡೆ ಹೋದರು.

ಇನ್ನು ಮುಂದಿನದ್ದನ್ನು ನಿಧಾನವಾಗಿ ಬರೆಯುತ್ತೇನೆ.

ಮಧ್ಯಾಹ್ನ ಸುಮಾರು ಮೂರು ಗಂಟೆ. ಎರಡು ವಾರದ ಮಳೆ ಬಿಟ್ಟು ಬಿಸಿಲು ಬಂದಿತ್ತು. ಅಕ್ಕ ಹಿಂದಿನ ಚಾವಡಿಯಲ್ಲಿ ಕಡುಬಿಗೆ ಅಕ್ಕಿ ಕುಟ್ಟುತ್ತಿದ್ದಳು. ಅತ್ತೆ ಮಲಗಿದ್ದರು. ನಾನು ಜಗಲಿಯಲ್ಲಿ ಡೈರಿ ಬರೆಯುತ್ತಿದ್ದೆ. ಶೆಡ್ಡಿನಲ್ಲಿ ಎಂಜಿನ್ ಶುರುವಾಯಿತು. ನಾನು ಬೆಚ್ಚಲಿಲ್ಲ. ಎರಡು ತಿಂಗಳಿಂದ ಕೇಳಿ ಪರಿಚಯವಾದ ಸದ್ದು ಅದು, ಭಾವ ಎಬ್ಬಿಸಿದರು ಎಂದುಕೊಂಡು ಬರೆಯುತ್ತಲೇ ಇದ್ದೆ. ಸದ್ದು ಸರಿಯಾಗಿದೆಯಲ್ಲ, ತೊದಲು ಹೋಯಿತಲ್ಲ ಎಂದು ಸಂತೋಷವೂ ಆಯಿತು. ಇನ್ನೊಂದೆರಡು ಸಾಲು ಬರೆದಿರಬೇಕು. ಆಮೇಲೆ ಹ್ಯಾಂಡಲಿನ ನೆನಪಾಯಿತು.

ಎದ್ದು ಒಳಗೆ ಹೋದೆ. ದೇವರ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ದೀಪ ಉರಿಯುತ್ತಿತ್ತು. ಎರಡು ಕೋವಿಗಳ ನಡುವೆ, ಬಾಳೆಲೆಯ ಮೇಲೆ, ಹ್ಯಾಂಡಲ್ ಇತ್ತು. ಅದನ್ನು ನೋಡುತ್ತಾ ನಿಂತಿದ್ದಾಗಲೂ ಹೊರಗೆ ಎಂಜಿನ್ ಓಡುತ್ತಲೇ ಇತ್ತು.

ನಾನು ಕಣ ದಾಟಿ ಓಡಿದೆ. ಶೆಡ್ಡಿನ ಬಾಗಿಲ ಹಗ್ಗ ಭಾವ ಕಟ್ಟಿದ ಹಾಗೇ ಇತ್ತು. ಅವರದ್ದೊಂದು ಮಿಲಿಟರಿ ಗಂಟು, ಬಿಚ್ಚುವುದು ಕಷ್ಟ. ಒಳಗಿನ ಸದ್ದಿಗೆ ಬಾಗಿಲ ಹಲಗೆ ನನ್ನ ಬೆರಳಿನಡಿ ನಡುಗುತ್ತಿತ್ತು. ಗಂಟಿನ ಎರಡನೇ ಸುತ್ತು ಸಡಿಲವಾಗುತ್ತಿದ್ದ ಹಾಗೆ ಸದ್ದು ನಿಂತಿತು. ಎಂಜಿನ್ ಆರಿಸಿದಾಗ ಕೊನೆಯಲ್ಲಿ ಎರಡು ಮೂರು ಏದುಸಿರು ಬರುತ್ತದೆ. ಅದೇನೂ ಬರಲಿಲ್ಲ. ಮಾತಾಡುತ್ತಿದ್ದವನು ಯಾರೋ ಬಂದರೆಂದು ಅರ್ಧಕ್ಕೆ ಬಾಯಿ ಮುಚ್ಚಿದ ಹಾಗೆ ನಿಂತಿತು.

ಬಾಗಿಲು ತೆರೆದೆ. ಒಳಗೆ ಕಾರಿನ ಹೊರತು ಏನೂ ಇರಲಿಲ್ಲ. ಬಾನೆಟ್ಟಿನ ಮೇಲೆ ಅಂಗೈ ಇಟ್ಟೆ. ಬಿಸಿಯಿತ್ತು. ಆದರೆ ಮೇಲೆ ತಗಡು, ತಗಡಿನ ಮೇಲೆ ಬಿಸಿಲು. ಅದು ಎಂಜಿನ್ನಿನ ಬಿಸಿಯೋ ಬಿಸಿಲಿನದ್ದೋ ಹೇಳಲಾರೆ. ಬಾಗಿಲಿನಿಂದ ಬಿದ್ದ ಬೆಳಕಿನಲ್ಲಿ ತೆಳ್ಳಗೆ ನೀಲಿ ಹೊಗೆ ಇತ್ತು ಎಂದೂ ನೆನಪಿದೆ. ಆ ಹೊಗೆಯನ್ನು ಮಾತ್ರ ನಾನು ನಂಬುವುದಿಲ್ಲ. ಅದು ಎಷ್ಟೋ ವರ್ಷದ ಮೇಲೆ ಸೇರಿಕೊಂಡದ್ದೆಂದು ನನ್ನ ಗುಮಾನಿ.

ಅಷ್ಟರಲ್ಲಿ ಭಾವ ಬಂದರು. ಮೊಣಕಾಲವರೆಗೆ ಕೆಸರು, ಏದುಸಿರು. ಬಾಗಿಲಲ್ಲೇ ನಿಂತರು, ಒಳಗೆ ಕಾಲಿಡಲಿಲ್ಲ. ಕಾರನ್ನು ನೋಡಲಿಲ್ಲ, ನನ್ನನ್ನೇ ನೋಡಿದರು.

"ನಿಂಗೂ ಕೇಳಿತಾ?"

"ಎಂತದ್ದು ಭಾವ?"

"ಎಂಜಿನ್."

ನನ್ನ ಅಂಗೈ ಇನ್ನೂ ಬಾನೆಟ್ಟಿನ ಮೇಲೇ ಇತ್ತು.

"ಇಲ್ಲೆ ಭಾವ," ಎಂದೆ. "ಎಂತದೂ ಕೇಳಿತ್ಲೆ. ಕೋಳಿ ನುಗ್ಗಿತೇನೋ ಅಂತ ನೋಡಿಕೆ ಬಂದೆ."

ಅವರು, ಊಟಕ್ಕೆ ಕೂತಾಗ ಅಕ್ಕನ ಮುಖ ನೋಡಿ ತಲೆ ತಗ್ಗಿಸುತ್ತಿದ್ದರಲ್ಲ, ಹಾಗೆ ತಲೆ ತಗ್ಗಿಸಿದರು. ನನ್ನ ಕೈಯಿಂದ ಹಗ್ಗ ತೆಗೆದುಕೊಂಡು ಬಾಗಿಲು ಕಟ್ಟಿದರು.

ಏಕೆ ಸುಳ್ಳು ಹೇಳಿದೆ? ಇದಕ್ಕೆ ನಾನು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಉತ್ತರ ಕೊಟ್ಟುಕೊಂಡಿದ್ದೇನೆ. ಕಾರಿಗೆ ದೆವ್ವ ಹಿಡಿದಿದೆ ಎಂಬ ಸುದ್ದಿ ಯಜಮಾನರ ಕಿವಿಗೆ ಬಿದ್ದರೆ ಭಾವನ ಕೆಲಸ ಹೋದೀತು ಎಂದು ಹೆದರಿದೆ ಎನ್ನುವುದು ಒಂದು ಉತ್ತರ. ಅವರ ಒಳ್ಳೆಯದಕ್ಕೇ ಹೇಳಿದೆ ಎಂದಾಗುತ್ತದಾದ್ದರಿಂದ ಬಹಳ ವರ್ಷ ಇದನ್ನೇ ಇಟ್ಟುಕೊಂಡಿದ್ದೆ. ನಿಜ ಇಷ್ಟೇ ಇರಬಹುದು: ಕೇಳಿತು ಎಂದರೆ, ಆಮೇಲೆ ನಾನು ಅದನ್ನು ಕೇಳಿದವನಾಗಿ ಬದುಕಬೇಕಿತ್ತು. ಅದು ನನಗೆ ಬೇಡವಾಗಿತ್ತು. ಹೆದರಿಕೆಗೆ ಬಾಯಿ ತಾನಾಗಿ "ಇಲ್ಲೆ" ಎಂದಿತು.

ಇದಕ್ಕಿಂತ ನಾಚಿಕೆಯ ವಿಷಯವೊಂದಿದೆ. ಸಂಜೆ ಡೈರಿ ಮುಗಿಸುವಾಗ ಬರೆದೆ: "ಮಧ್ಯಾಹ್ನ ಭಾವನಿಗೆ ಎಂಜಿನ್ ಸದ್ದು ಕೇಳಿತಂತೆ. ನನಗೆ ಏನೂ ಕೇಳಲಿಲ್ಲ." ಬೇರೆ ಯಾರೂ ಓದದ ಪುಸ್ತಕಕ್ಕೂ ಸುಳ್ಳು ಹೇಳಿದೆ. ಈಗ ನೋಡಿದರೆ ಶಾಯಿ ಅದೇ, ಅಕ್ಷರ ನನ್ನದೇ. ನೆನಪನ್ನು ನಂಬಬೇಡಿ, ಬರೆದಿಟ್ಟದ್ದನ್ನು ನಂಬಿ ಎಂದು ಜೀವನವಿಡೀ ಮಕ್ಕಳಿಗೆ ಪಾಠ ಹೇಳಿದವನ ಬಳಿ ಇರುವ ಒಂದೇ ಬರಹದ ಸಾಕ್ಷಿ ಇದು.

ಹಬ್ಬದ ದಿನ ಪೂಜೆಯಾಗಿ, ತೆಂಗಿನಕಾಯಿಗೆ ಗುಂಡು ಹೊಡೆದು ಮುಗಿದ ಮೇಲೆ ಅತ್ತೆ ಹ್ಯಾಂಡಲನ್ನು ಭಾವನ ಕೈಗೆ ಕೊಟ್ಟರು. ಪೆಟ್ರೋಲು ಹೊಯ್ದು ತಿರುಗಿಸಿದರು. ಮೊದಲ ಸುತ್ತಿಗೇ ಎದ್ದಿತು. ತೊದಲು ಇರಲಿಲ್ಲ. ಯಾವ ಸ್ಪ್ಯಾನರೂ ತಾಗಿರಲಿಲ್ಲ, ಆದರೂ ಇರಲಿಲ್ಲ. ನೆಂಟರು ಸುತ್ತ ನಿಂತು ಹೋ ಎಂದರು. ಪೆಟ್ರೋಲಿನ ಕಸ ಸೋಸಿದ್ದರಿಂದ ಸರಿಯಾಗಿರಬಹುದು ಎಂದು ನಾನು ಭಾವನಿಗೆ ಹೇಳಿದೆ. ಅವರು ಸ್ಕ್ರೂಡ್ರೈವರನ್ನು ಕಿವಿಗೆ ಇಡಲಿಲ್ಲ. "ಸರಿ ಉಟ್ಟಾ?" ಎಂದು, ಸದ್ದು ಸರಿಯಿದೆಯೇ ಎಂಬುದನ್ನು ನನ್ನನ್ನೇ ಕೇಳಿದರು.

ಮಾರನೇ ಬೆಳಿಗ್ಗೆ ನಾವಿಬ್ಬರೇ ಆ ಕಾರಿನಲ್ಲಿ ಮಡಿಕೇರಿಗೆ ಘಾಟಿ ಹತ್ತಿದೆವು. ಅಂಥ ಸುಖದ ಸವಾರಿ ನಾನು ಮತ್ತೆ ಮಾಡಿಲ್ಲ, ಅಂಥ ಸಂಕಟದ್ದೂ ಮಾಡಿಲ್ಲ. ತಿರುವು ತಿರುವಿಗೂ ಭಾವ ಕೇಳುತ್ತಿದ್ದರು: "ಈಗ ಸರಿ ಓಡ್ತಾ ಉಟ್ಟಾ? ನೀ ಕೇಳಿ ಹೇಳ್." ನಾನು ಕೇಳಿ ಹೇಳುತ್ತಿದ್ದೆ. ಪ್ರತಿ ತಿರುವಿನಲ್ಲೂ ನಿಜ ಹೇಳಲು ಜಾಗವಿತ್ತು. ಮುಂದಿನ ತಿರುವಿನಲ್ಲಿ ಹೇಳುತ್ತೇನೆ ಎಂದುಕೊಳ್ಳುತ್ತಲೇ ಬಂಗಲೆ ಬಂತು.

ಯಜಮಾನರು ಕಾರಿನ ಸುತ್ತ ಎರಡು ಸಲ ಬಂದು ಭಾವನ ಭುಜ ತಟ್ಟಿದರು. ನಾಳೆಯಿಂದಲೇ ಬಾ ಎಂದರು.

"ಆಗುದಿಲ್ಲ ಸಾರ್," ಎಂದರು ಭಾವ. "ನನ್ನ ಕಿವಿ ಸರಿ ಇಲ್ಲ. ಕಿವಿ ಸರಿ ಇಲ್ಲದವ ಎಂಜಿನ್ ಮುಟ್ಟಬಾರದು. ನಿಮ್ಮ ಡ್ರೈವರುಗಳ ಜೀವದ ಪ್ರಶ್ನೆ."

ಎಷ್ಟು ಹೇಳಿದರೂ ಕೇಳಲಿಲ್ಲ. ಬಸ್ಸಿನಲ್ಲಿ ಹಿಂದೆ ಬಂದೆವು. ಅಕ್ಕ ಅಂಗಳದಲ್ಲೇ ಕಾಯುತ್ತಿದ್ದಳು. ಭಾವನ ಮುಖ ನೋಡಿ ಒಳಗೆ ಹೋದಳು.

ಮುಂದಿನ ಸಂಗತಿಗಳನ್ನು ಬೇಗ ಹೇಳುತ್ತೇನೆ. ನನಗೆ ಕೆಲಸವಾಯಿತು, ಊರೂರು ತಿರುಗಿದೆ. ಭಾವ ಕೆಲವು ವರ್ಷ ಗದ್ದೆ ನೋಡಿಕೊಂಡರು. ಅತ್ತೆ ತೀರಿಕೊಂಡ ಮೇಲೆ ಗದ್ದೆಯನ್ನು ದಾಯಾದಿಗಳಿಗೆ ಬಿಟ್ಟು ಮಾಕುಟ್ಟದ ಕಾಡಿನ ಗೇಟಿನಲ್ಲಿ ಕಾವಲಿನ ಕೆಲಸಕ್ಕೆ ಸೇರಿದರು. ಕೇರಳದ ಕಡೆಗೆ ಹೋಗುವ ಲಾರಿಗಳಿಗೆ ಬಿದಿರಿನ ಅಡ್ಡಗೋಲು ಎತ್ತುವುದು, ಇಳಿಸುವುದು. ಕೆಟ್ಟು ನಿಂತ ಲಾರಿಯವರು ಸಹಾಯ ಕೇಳಿದರೆ ವಿರಾಜಪೇಟೆಯ ದಾರಿ ತೋರಿಸುತ್ತಿದ್ದರಂತೆ.

ಆ ಮಧ್ಯಾಹ್ನದ ಬಗ್ಗೆ ಅಕ್ಕನನ್ನು ಒಮ್ಮೆ ಕೇಳಿದ್ದೆ. "ಅಕ್ಕಿ ಕುಟ್ಟುವಾಗ ಗುಡುಗಿದ್ರೂ ಗೊತ್ತಾಗುದಿಲ್ಲೆ ತಮ್ಮಾ," ಎಂದಳು. ಘಾಟಿಯಲ್ಲಿ ಹೋದ ಯಾವುದೋ ವಾಹನದ ಸದ್ದು ಗುಡ್ಡಕ್ಕೆ ಬಡಿದು ಶೆಡ್ಡಿನಿಂದ ಬಂದ ಹಾಗೆ ಕೇಳಿತೇ? ಹಲಗೆ ನಡುಗಿದ್ದು ನನ್ನ ಕೈಯ ನಡುಕವೇ? ಟ್ಯಾಂಕು ಖಾಲಿಯಿದ್ದರೂ ಕಾರ್ಬುರೇಟರಿನಲ್ಲಿ ಉಳಿದ ಪೆಟ್ರೋಲಿನಲ್ಲಿ ಎಂಜಿನ್ ಒಂದು ನಿಮಿಷ ಓಡೀತು. ಆದರೆ ತಿರುಗಿಸಿದವರು ಯಾರು? ಇವೆಲ್ಲದರ ಕೆಳಗೆ ಇನ್ನೊಂದು ಅನುಮಾನ, ಎಲ್ಲಕ್ಕಿಂತ ಕೆಟ್ಟದ್ದು: ಡೈರಿಯೇ ಸರಿ ಇರಬಹುದೇ? ನನಗೆ ನಿಜಕ್ಕೂ ಏನೂ ಕೇಳದೆ, ಭಾವನ ಗತಿ ನೋಡಿ ನೊಂದು, ಅವರ ಜೊತೆಗಿರಲೆಂದು ಆಮೇಲೆ ನಾನೇ ಈ ಸದ್ದನ್ನು ಕಟ್ಟಿಕೊಂಡೆನೇ?

ಕೊನೆಗೆ ಒಂದು ರಜೆಯಲ್ಲಿ ಮಾಕುಟ್ಟಕ್ಕೆ ಹೋದೆ. ಭಾವನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಗೇಟಿನ ಪಕ್ಕದ ಗುಡಿಸಲಿನಲ್ಲಿ ಕರಿಕಾಫಿ ಕಾಸಿ ಕೊಟ್ಟರು. ನಾನು ಮುಖ ತಗ್ಗಿಸಿಕೊಂಡು ಎಲ್ಲವನ್ನೂ ಹೇಳಿದೆ. ನಂಗೂ ಕೇಳಿತ್ತು ಭಾವ, ನಾ ಸುಳ್ಳು ಹೇಳಿದೆ ಎಂದೆ.

ಮರದ ಲಾರಿಯೊಂದು ಬಂತು. ಅವರು ಎದ್ದು ಹೋಗಿ ಗೇಟು ಎತ್ತಿ, ಲಾರಿ ಕಳಿಸಿ, ಇಳಿಸಿ ಬಂದು ಕೂತರು.

"ಎಷ್ಟ್ ಹೊತ್ತ್ ಓಡಿತ್, ನಿಂಗೆ ಕೇಳಿದ್ದು?" ಎಂದರು.

"ಒಂದು ನಿಮಿಷ. ಹೆಚ್ಚೆಂದರೆ ಎರಡು."

"ನಂಗೆ ಬೊಳ್ಪಿಂದಲೇ ಕೇಳ್ತಾ ಇತ್ತ್," ಎಂದರು ಭಾವ. "ನಾ ಎದ್ದಾಗಿಂದ ಓಡ್ತಾನೇ ಇತ್ತ್. ತಿರ್ಗಿ ಶುರು ಆತಲ್ಲಾಂತ ತಡ್ಕಂಬಕೆ ಆಗದೆ ತೋಡಿಗೆ ಹೋಗಿ ನೀರ್‌ಲಿ ನಿಂತಿದ್ದೆ. ನಾ ಶೆಡ್ಡಿಗೆ ಬಂದದ್ ಸದ್ದ್ ಕೇಳಿ ಅಲ್ಲ. ಅಷ್ಟೊತ್ತಿಗೆ ಮೇಲೆ ಕಣಲಿ ನೀ ಓಡುದು ಕಂಡತ್. ಅದರ ಕಂಡ್ ಬಂದದ್."

ಕಾಫಿಯ ಲೋಟವನ್ನು ನನ್ನ ಕಡೆ ಸರಿಸಿದರು, ಆರಿಹೋಗುತ್ತದೆ ಎನ್ನುವ ಹಾಗೆ. ನಾನು ಕುಡಿದೆ. ಅವರಿಗೆ ಬೆಳಗಿನಿಂದ ಕೇಳಿದ್ದು ಕಾಯಿಲೆಯ ಸದ್ದಾದರೆ, ಅದರ ಎರಡು ನಿಮಿಷ ನನಗೆ ಹೇಗೆ ಕೇಳಿತು? ಶೆಡ್ಡಿನೊಳಗೆ ಎಂಜಿನ್ ಓಡಿದ್ದೇ ನಿಜವಾದರೆ, ಉಳಿದ ಹೊತ್ತೆಲ್ಲ ನಾನೇಕೆ ಕೇಳಲಿಲ್ಲ? ಗೊತ್ತಿಲ್ಲ. ಗೊತ್ತಿರುವುದು ಒಂದೇ. ಆ ದಿನ ಒಬ್ಬ ಮನುಷ್ಯ, ತನಗೆ ಕೇಳುವುದು ಕೊನೆಗೂ ಇನ್ನೊಬ್ಬನಿಗೆ ಕೇಳಿತೆಂದು, ಕೆಸರುಗದ್ದೆಯಲ್ಲಿ ಏಳುತ್ತಾ ಬೀಳುತ್ತಾ ನನ್ನ ಕಡೆ ಓಡಿ ಬಂದಿದ್ದ.